ಕಲಘಟಗಿ ತೊಟ್ಟಿಲು: ಹಳೆಯದನ್ನು ಉಳಿಸಿಕೊಳ್ಳುವ, ಮತ್ತೆ ಬಳಸುವ ಬಗೆ

ಧಾರವಾಡ ಸೀಮೆಯ ಹಳೆಯ ಮನೆಗಳ ಅಟ್ಟ ಹತ್ತಿದರೆ, ತಾಮ್ರದ ಹಂಡೆಗಳ ಹಿಂದೆ, ಸುತ್ತಿಟ್ಟ ಚಾಪೆಗಳ ಕೆಳಗೆ, ಬಣ್ಣ ಮಸುಕಾದ ಒಂದು ತೊಟ್ಟಿಲು ಸಿಗುವುದುಂಟು. ಹುಬ್ಬಳ್ಳಿಯಿಂದ ಕಾರವಾರದ ಕಡೆಗೆ ಹೋಗುವ ದಾರಿಯಲ್ಲಿರುವ ಕಲಘಟಗಿಯಲ್ಲಿ ಸಾಗುವಾನಿ ಮರದಿಂದ ಮಾಡಿದ, ಅರಗು ಬೆರೆಸಿದ ಬಣ್ಣದಲ್ಲಿ ಬಾಲಕೃಷ್ಣನ ಲೀಲೆಗಳನ್ನೋ ರಾಮಾಯಣದ ಪ್ರಸಂಗಗಳನ್ನೋ ಹೂಬಳ್ಳಿಗಳನ್ನೋ ಬರೆದ ತೊಟ್ಟಿಲು ಅದು. ಹೆಣ್ಣುಮಕ್ಕಳ ತವರಿನಿಂದ ಬಂದು, ಮೂರು ನಾಲ್ಕು ತಲೆಮಾರಿನ ಕೂಸುಗಳನ್ನು ತೂಗಿ, ಮನೆಯಲ್ಲಿ ತೊಲೆ ಇಲ್ಲದ ಕಾಲ ಬಂದ ಮೇಲೆ ಅಟ್ಟ ಸೇರಿದ ಇಂಥ ತೊಟ್ಟಿಲನ್ನು ಹೇಗೆ ಉಳಿಸಿಕೊಳ್ಳಬೇಕು, ಈಗಿನ ಮನೆಯಲ್ಲಿ ಯಾವ ಬಳಕೆಗೆ ತರಬೇಕು ಎಂಬುದನ್ನು ನಮ್ಮ ಮನೆಯ ತೊಟ್ಟಿಲಿನ ಮೇಲೆ ಮಾಡಿ ಕಲಿತ ಕೆಲಸದ ಆಧಾರದಿಂದ ಇಲ್ಲಿ ವಿವರಿಸುತ್ತೇನೆ.

ಎಲ್ಲಕ್ಕಿಂತ ಮೊದಲು ಮನಸ್ಸಿನಲ್ಲಿ ಗಟ್ಟಿ ಮಾಡಿಕೊಳ್ಳಬೇಕಾದ ನಿಯಮ ಒಂದೇ. ಇಂದು ಆ ತೊಟ್ಟಿಲನ್ನು ಯಾವ ಕೆಲಸಕ್ಕೆ ಬಳಸಿದರೂ, ನಾಳೆ ಮನೆಯಲ್ಲಿ ಕೂಸು ಹುಟ್ಟಿದರೆ ಅದು ಒಂದೇ ದಿನದಲ್ಲಿ ಮತ್ತೆ ತೊಟ್ಟಿಲಾಗುವಂತಿರಬೇಕು. ಹಾಗೆಂದರೆ ಗರಗಸ ತಾಗಿಸುವಂತಿಲ್ಲ, ಹೊಸ ತೂತು ಕೊರೆಯುವಂತಿಲ್ಲ, ಬಿಡಿಸಲಾಗದ ಅಂಟು ಹಾಕುವಂತಿಲ್ಲ. ಈ ಒಂದು ನಿಯಮವನ್ನು ಪಾಲಿಸಿದರೆ ಮುಂದೆ ಬರುವ ಅರ್ಧಕ್ಕರ್ಧ ಪ್ರಶ್ನೆಗಳಿಗೆ ಉತ್ತರ ತಾನಾಗಿ ಸಿಗುತ್ತದೆ.

ಮುಟ್ಟುವ ಮೊದಲು

ತೊಟ್ಟಿಲನ್ನು ಅಟ್ಟದಿಂದ ಇಳಿಸಿದ ದಿನವೇ ಒರೆಸಲು ಹೋಗಬಾರದು. ನಾನು ಹೋದೆ. ದೀಪದ ಮಸಿ ಹಿಡಿದು ಕಪ್ಪಾಗಿದ್ದ ತಲೆಯ ಕಡೆಯ ಹಲಗೆಯನ್ನು ಬೇಗ ಹಸನು ಮಾಡಬೇಕೆಂಬ ಆತುರದಲ್ಲಿ ಹತ್ತಿಯನ್ನು ಸ್ಪಿರಿಟ್‌ನಲ್ಲಿ ಅದ್ದಿ ಉಜ್ಜಿದೆ. ಮೊದಲ ಸಲ ಹತ್ತಿಗೆ ಮಸಿ ಬಂತು. ಎರಡನೆಯ ಸಲ ಹತ್ತಿ ಹಸಿರಾಯಿತು. ಕೃಷ್ಣನ ಭುಜದ ಪಕ್ಕದಲ್ಲಿ ಕುಳಿತಿದ್ದ ಗಿಳಿಯ ಅರ್ಧ ರೆಕ್ಕೆ ನನ್ನ ಕೈಯ ಹತ್ತಿಯಲ್ಲಿತ್ತು. ಅರಗು ಎಂಬುದು ಒಂದು ಬಗೆಯ ಕೀಟ ಮರದ ರೆಂಬೆಗಳ ಮೇಲೆ ಸ್ರವಿಸುವ ರಾಳ. ಅದು ನೀರಿನಲ್ಲಿ ಕರಗುವುದಿಲ್ಲ, ಆದರೆ ಸ್ಪಿರಿಟ್‌ನಲ್ಲಿ ಸುಲಭವಾಗಿ ಕರಗುತ್ತದೆ. ಬಡಗಿಗಳು ಅರಗಿನ ಹಳಕುಗಳನ್ನು ಸ್ಪಿರಿಟ್‌ನಲ್ಲಿ ನೆನೆಸಿ ಪಾಲಿಶ್ ತಯಾರಿಸುವುದು ಇದೇ ಗುಣದಿಂದ. ಆದ್ದರಿಂದ ಸ್ಪಿರಿಟ್, ಥಿನ್ನರ್, ಸ್ಯಾನಿಟೈಸರ್, ಗಾಜು ಒರೆಸುವ ದ್ರಾವಣ ಇವುಗಳಲ್ಲಿ ಯಾವುದೂ ಚಿತ್ರವಿರುವ ಹಲಗೆಯ ಹತ್ತಿರ ಬರಬಾರದು. ಸೋಡಾ ಮತ್ತು ಕಡು ಸೋಪಿನ ನೀರು ಕೂಡ ಅರಗನ್ನು ಮೆತ್ತಗೆ ಮಾಡಿ ಎಬ್ಬಿಸುತ್ತವೆ.

ಆತುರದ ಬದಲು ಮೊದಲ ದಿನ ಮಾಡಬೇಕಾದ ಕೆಲಸ ದಾಖಲೆಯದು. ಹಗಲ ಬೆಳಕಿನಲ್ಲಿ ನಾಲ್ಕೂ ಮಗ್ಗುಲು, ತಳ, ಸರಪಳಿ, ಕೊಂಡಿ, ಪ್ರತಿಯೊಂದು ಚಿತ್ರ, ಪ್ರತಿಯೊಂದು ಬಿರುಕು ಇವುಗಳ ಫೋಟೋ ತೆಗೆಯಬೇಕು. ಉದ್ದ, ಅಗಲ, ಎತ್ತರ ಬರೆದಿಡಬೇಕು. ತಳದ ಹಲಗೆಯನ್ನು ಮಗುಚಿ ನೋಡಿದರೆ ಕೆಲವೊಮ್ಮೆ ಮಾಡಿಸಿದವರ ಹೆಸರೋ ಇಸವಿಯೋ ಬಡಗಿಯ ಗುರುತೋ ಕಾಣಿಸುತ್ತದೆ. ಅಂಚಿನಲ್ಲಿ ಹಿಡಿದ ಅರಿಶಿನ ಕುಂಕುಮದ ಕಲೆಗಳನ್ನು ನಾನಂತೂ ತೆಗೆಯುವುದಿಲ್ಲ. ಪ್ರತಿ ನಾಮಕರಣದಲ್ಲಿ ಮುತ್ತೈದೆಯರು ಹಚ್ಚಿದ ಬೆರಳ ಗುರುತುಗಳವು, ಕೊಳೆಯಲ್ಲ.

ಬಣ್ಣ ಮೂಲದ್ದೋ ಆಮೇಲೆ ಬಳಿದದ್ದೋ ಎಂಬುದನ್ನು ಕೂಡ ಇದೇ ಹೊತ್ತಿಗೆ ತಿಳಿದುಕೊಳ್ಳಬೇಕು. ಎಷ್ಟೋ ಮನೆಗಳಲ್ಲಿ ಹೊಸ ಕೂಸಿನ ನಾಮಕರಣಕ್ಕೆಂದು ಹಳೆಯ ಚಿತ್ರದ ಮೇಲೆಯೇ ಎನಾಮೆಲ್ ಬಣ್ಣ ಹೊಡೆಸಿರುತ್ತಾರೆ. ಅರಗಿನ ಬಣ್ಣ ತೆಳ್ಳಗಿದ್ದು ಮರಕ್ಕೆ ಕಚ್ಚಿಕೊಂಡಿರುತ್ತದೆ. ಎನಾಮೆಲ್ ದಪ್ಪಗೆ, ಒಂದೇ ಸಮನೆ, ಕುಂಚದ ಗೆರೆಗಳೊಂದಿಗೆ ಕಾಣುತ್ತದೆ, ಮತ್ತು ಚಕ್ಕೆ ಎದ್ದ ಕಡೆ ಕೆಳಗಿನ ಬಣ್ಣ ಇಣುಕುತ್ತದೆ. ಭಾರತದಲ್ಲಿ ಮನೆಬಳಕೆಯ ಬಣ್ಣಗಳಲ್ಲಿ ಸೀಸದ ಪ್ರಮಾಣವನ್ನು ಹತ್ತು ಲಕ್ಷಕ್ಕೆ 90 ಭಾಗಕ್ಕೆ ಮಿತಿಗೊಳಿಸುವ ನಿಯಮ ಜಾರಿಗೆ ಬಂದದ್ದು 2017ರ ನವೆಂಬರ್‌ನಲ್ಲಿ. ಅದಕ್ಕಿಂತ ಹಳೆಯ ಎನಾಮೆಲ್‌ನಲ್ಲಿ ಸೀಸ ಇರಬಹುದು ಎಂದೇ ಎಣಿಸಿ ನಡೆಯುವುದು ಕ್ಷೇಮ. ಅಂಥ ಬಣ್ಣವನ್ನು ಸ್ಯಾಂಡ್ ಪೇಪರ್ ಹಾಕಿ ಒಣದಾಗಿ ಉಜ್ಜಿದರೆ ಎದ್ದ ಹುಡಿ ಮನೆಯ ಮಕ್ಕಳ ಮೈ ಸೇರುತ್ತದೆ. ಎನಾಮೆಲ್ ಕೆಳಗಿನ ಚಿತ್ರವನ್ನು ಹೊರತೆಗೆಯುವ ಆಸೆ ಸಹಜವಾದರೂ, ಅದು ಮನೆಯಲ್ಲಿ ಕುಳಿತು ಮಾಡುವ ಕೆಲಸವಲ್ಲ.

ಹುಳುವಿನ ಪರೀಕ್ಷೆ

ಅಟ್ಟದಲ್ಲಿದ್ದ ಮರವನ್ನು ಬೇರೆ ಪೀಠೋಪಕರಣಗಳ ಜೊತೆ ಇಡುವ ಮೊದಲು ಹುಳು ಇದೆಯೋ ಇಲ್ಲವೋ ಎಂಬುದು ಖಚಿತವಾಗಬೇಕು. ಸಾಗುವಾನಿಯ ಕೆಚ್ಚಿಗೆ, ಅಂದರೆ ನಡುವಿನ ಗಟ್ಟಿ ಮರಕ್ಕೆ, ಹುಳು ಹಿಡಿಯುವುದು ಅಪರೂಪ. ಆದರೆ ಅಂಚಿನ ಬಿಳಿಮರದಲ್ಲಿ ಪಿಷ್ಟ ಇರುವುದರಿಂದ ಕೊರೆಹುಳುಗಳು ಅಲ್ಲಿ ಸೇರುತ್ತವೆ. ತಳದ ಪಟ್ಟಿಗಳನ್ನು ಆಮೇಲೆ ಅಗ್ಗದ ಮರದಲ್ಲಿ ಬದಲಾಯಿಸಿದ್ದರೆ ತೊಂದರೆ ಶುರುವಾಗುವುದು ಅಲ್ಲಿಂದಲೇ. ಒಂದೆರಡು ಮಿಲಿಮೀಟರ್ ಅಗಲದ ದುಂಡನೆಯ ತೂತುಗಳು ಕಂಡ ಮಾತ್ರಕ್ಕೆ ಹುಳು ಇನ್ನೂ ಒಳಗಿದೆ ಎಂದಲ್ಲ. ಅವು ಐವತ್ತು ವರ್ಷದ ಹಿಂದೆ ಹೊರಟುಹೋದ ಹುಳುವಿನ ತೂತುಗಳೂ ಇರಬಹುದು. ತೊಟ್ಟಿಲಿನ ಕೆಳಗೆ ಕಪ್ಪು ಕಾಗದ ಹಾಸಿ, ಈಗಿರುವ ತೂತುಗಳನ್ನು ಎಣಿಸಿ ಬರೆದಿಟ್ಟು, ಒಂದು ತಿಂಗಳು ಬಿಡಬೇಕು. ಕಾಗದದ ಮೇಲೆ ಜರಡಿ ಹಿಡಿದ ಹಿಟ್ಟಿನಂಥ ನಯವಾದ ಹುಡಿ ಬಿದ್ದರೆ ಹುಳು ಬದುಕಿದೆ ಎಂದು ಅರ್ಥ. ಹುಳು ಹೊರಬರುವುದು ಹೆಚ್ಚಾಗಿ ಸೆಕೆಯ ದಿನಗಳಲ್ಲಾದ್ದರಿಂದ ಏಪ್ರಿಲ್ ಮೇ ತಿಂಗಳಲ್ಲಿ ಈ ಪರೀಕ್ಷೆಯನ್ನು ಮತ್ತೊಮ್ಮೆ ಮಾಡುವುದು ಒಳ್ಳೆಯದು. ಮಣ್ಣಿನ ಗೆರೆಗಳು ಕಂಡರೆ, ಬೆರಳಿನಿಂದ ತಟ್ಟಿದಾಗ ಟೊಳ್ಳು ಸದ್ದು ಬಂದರೆ ಅದು ಗೆದ್ದಲು; ಆಗ ತೊಟ್ಟಿಲಿಗಿಂತ ಮೊದಲು ಅದನ್ನು ಇಟ್ಟಿದ್ದ ಜಾಗವನ್ನು ಪರೀಕ್ಷಿಸಬೇಕು.

ಹುಳು ಬದುಕಿರುವುದು ಖಚಿತವಾದರೆ, ಬಣ್ಣವಿಲ್ಲದ ಮರಕ್ಕೆ ಬೋರಾಕ್ಸ್ ಮತ್ತು ಬೋರಿಕ್ ಆಸಿಡ್‌ನ ದ್ರಾವಣ ಹೊಂದುತ್ತದೆ. ಒಂದು ಲೀಟರ್ ಬಿಸಿನೀರಿಗೆ 30 ಗ್ರಾಂ ಬೋರಾಕ್ಸ್, 20 ಗ್ರಾಂ ಬೋರಿಕ್ ಆಸಿಡ್ ಹಾಕಿ ಕರಗಿಸಿ, ಕೈಗವಸು ತೊಟ್ಟು, ತಳದ ಹೊರಮೈಗೆ ಮತ್ತು ಕೂಡುಗಳ (ಮರದ ತುಂಡುಗಳು ಒಂದಕ್ಕೊಂದು ಸೇರುವ ಜಾಗಗಳ) ಒಳಗೆ ಕುಂಚದಿಂದ ಎರಡು ಸಲ ಹಚ್ಚಿ, ತೂತುಗಳೊಳಗೆ ಸಿರಿಂಜಿನಿಂದ ಬಿಡಬೇಕು. ಇದು ಮಕ್ಕಳ ಹೊಟ್ಟೆಗೆ ಹೋಗಬಾರದ ವಸ್ತು. ಆದ್ದರಿಂದ ಕೂಸಿನ ಕೈ ಬಾಯಿ ತಾಗುವ ಒಳಮೈಗೂ ಮೇಲಂಚಿಗೂ ಇದನ್ನು ಎಂದಿಗೂ ಹಚ್ಚಬಾರದು. ಹಚ್ಚಿದ ಕಡೆ ಒಣಗಿದ ಮೇಲೆ ಮೇಣದ ಲೇಪ ಕೊಡಬೇಕು. ಎಲ್ಲಿ ಹಚ್ಚಿದೆ ಎಂಬುದನ್ನು ದಿನಾಂಕದೊಂದಿಗೆ ಬರೆದಿಡಬೇಕು. ಚಿತ್ರವಿರುವ ಹಲಗೆಗೆ ನೀರಿನ ದ್ರಾವಣ ಬೇಡ. ಅಲ್ಲಿ ಹುಳು ಇದ್ದರೆ ಪರಿಣತರಿಗೆ ತೋರಿಸಬೇಕು. ಬಿಡಿಯಾಗಿ ಬರುವ, ಬಣ್ಣವಿಲ್ಲದ ಸಣ್ಣ ತುಂಡುಗಳನ್ನು ಪ್ಲಾಸ್ಟಿಕ್ ಚೀಲದಲ್ಲಿ ಗಾಳಿ ಹೋಗದಂತೆ ಕಟ್ಟಿ, ಮನೆಯ ಫ್ರೀಜರಿನಲ್ಲಿ ಎರಡು ವಾರ ಇಟ್ಟರೆ ಔಷಧವಿಲ್ಲದೆಯೇ ಹುಳು ಸಾಯುತ್ತದೆ. ಹೊರತೆಗೆದ ಮೇಲೆ ಚೀಲವನ್ನು ಒಂದು ದಿನ ಬಿಚ್ಚದೆ ಬಿಟ್ಟರೆ ಮರದ ಮೇಲೆ ತೇವ ಕೂರುವುದಿಲ್ಲ. ಬೇವಿನ ಎಲೆ ತುಂಬಿಸಿಡುವ ರೂಢಿ ಬಟ್ಟೆಗೆ ಒಳ್ಳೆಯದೇ ಇರಬಹುದು, ಆದರೆ ಮರದೊಳಗೆ ಸುರಂಗ ಕೊರೆದು ಕುಳಿತ ಹುಳುವನ್ನು ಅದು ಮುಟ್ಟುವುದಿಲ್ಲ.

ಹಸನು ಮಾಡುವುದು

ಮೊದಲು ಒಣ ಕೆಲಸ. ಒಂದು ಕೈಯಲ್ಲಿ ಮೆತ್ತನೆಯ ಚಿತ್ರ ಬರೆಯುವ ಕುಂಚ, ಇನ್ನೊಂದು ಕೈಯಲ್ಲಿ ಬಾಯಿಗೆ ತೆಳು ಬಟ್ಟೆ ಕಟ್ಟಿದ ವ್ಯಾಕ್ಯೂಮ್ ಕ್ಲೀನರ್ ಕೊಳವೆ ಹಿಡಿದು, ಕುಂಚದಿಂದ ದೂಳನ್ನು ಕೊಳವೆಯ ಕಡೆಗೆ ತಳ್ಳಬೇಕು. ಕೊಳವೆಯನ್ನು ಹಲಗೆಗೆ ತಾಗಿಸಬಾರದು. ಬಟ್ಟೆ ಕಟ್ಟುವುದು ಏಕೆಂದರೆ, ಅಕಸ್ಮಾತ್ ಬಣ್ಣದ ಚಕ್ಕೆಯೊಂದು ಎದ್ದರೆ ಅದು ಬಟ್ಟೆಯ ಮೇಲೆ ಸಿಕ್ಕಿಕೊಳ್ಳುತ್ತದೆ, ಕಳೆದುಹೋಗುವುದಿಲ್ಲ. ಚಕ್ಕೆ ಏಳುತ್ತಿರುವ ಜಾಗವನ್ನು ಹಾಗೆಯೇ ಬಿಟ್ಟು ಪರಿಣತರಿಗೆ ತೋರಿಸಬೇಕು.

ಆಮೇಲೂ ಉಳಿದ ಮಸಿಗೆ ಹತ್ತಿ ಸುತ್ತಿದ ಕಡ್ಡಿಯನ್ನು ನೀರಿನಲ್ಲಿ ಅದ್ದಿ, ಬಟ್ಟೆಯಲ್ಲಿ ಒತ್ತಿ, ಬರೀ ತೇವ ಉಳಿದಾಗ, ಮೂಲೆಯಲ್ಲಿ ಬೆರಳುಗುರಿನಷ್ಟು ಜಾಗದ ಮೇಲೆ ಉರುಳಿಸಿ ನೋಡಬೇಕು. ಉಜ್ಜಬಾರದು, ಉರುಳಿಸಬೇಕು. ಹತ್ತಿಗೆ ಕಪ್ಪು ಬಂದರೆ ಮುಂದುವರಿಯಬಹುದು. ಬಣ್ಣದ ಲೇಶ ಬಂದರೂ ಅಲ್ಲಿಗೇ ನಿಲ್ಲಿಸಬೇಕು. ವಸ್ತುಸಂಗ್ರಹಾಲಯಗಳ ಸಂರಕ್ಷಕರು ಇಂಥ ಕಡೆ ನೀರಿಗಿಂತ ಎಂಜಲು ಚೆನ್ನಾಗಿ ಕೆಲಸ ಮಾಡುತ್ತದೆಂದು ಅದನ್ನೇ ಬಳಸುವುದುಂಟು, ಏಕೆಂದರೆ ಅದರಲ್ಲಿರುವ ಕಿಣ್ವಗಳು ಕೊಳೆಯನ್ನು ಸಡಿಲಿಸುತ್ತವೆ. ಗೋಕುಲಾಷ್ಟಮಿಗೆ ದೇವರನ್ನು ಮಲಗಿಸುವ ತೊಟ್ಟಿಲಿಗೆ ಎಂಜಲು ಮುಟ್ಟಿಸಲು ನಮ್ಮ ಮನೆಗಳಲ್ಲಿ ಯಾರೂ ಒಪ್ಪಲಾರರು, ಒಪ್ಪಬೇಕಾಗಿಯೂ ಇಲ್ಲ. ನೀರು ಸಾಕು, ಹೊತ್ತು ಸ್ವಲ್ಪ ಹೆಚ್ಚು ಹಿಡಿಯುತ್ತದೆ ಅಷ್ಟೆ. ನಮ್ಮ ತೊಟ್ಟಿಲಿನ ಒಂದು ಹಲಗೆಗೆ ನನಗೆ ನಾಲ್ಕು ಭಾನುವಾರಗಳು ಬೇಕಾದವು. ಬೆಣ್ಣೆಯ ಗಡಿಗೆಯ ಕೆಳಗೆ ಮೂಲೆಯಲ್ಲಿ ಬಾಗಿ ಕುಳಿತ ಬೆಕ್ಕೊಂದು ಇದೆಯೆಂಬುದು ಮೂರನೆಯ ಭಾನುವಾರ ಗೊತ್ತಾಯಿತು. ಅದೇ ತೊಟ್ಟಿಲಿನಲ್ಲಿ ಮಲಗಿ ಬೆಳೆದ ನನ್ನ ತಂದೆಗೂ ಆ ಬೆಕ್ಕಿನ ನೆನಪಿರಲಿಲ್ಲ.

ಕೊಬ್ಬರಿ ಎಣ್ಣೆ, ಎಳ್ಳೆಣ್ಣೆ ಹಚ್ಚಿ ಹೊಳಪು ತರುವ ಅಭ್ಯಾಸವನ್ನು ಬಿಡಬೇಕು. ಅವು ಒಣಗುವ ಎಣ್ಣೆಗಳಲ್ಲ. ಅಂಟಂಟಾಗಿ ಉಳಿದು ದೂಳನ್ನು ಹಿಡಿಯುತ್ತವೆ, ಕ್ರಮೇಣ ಕಮಟು ವಾಸನೆ ಬರುತ್ತದೆ. ಅಗಸೆ ಎಣ್ಣೆ ಒಣಗುತ್ತದೆ, ಆದರೆ ಮರವನ್ನು ವರ್ಷದಿಂದ ವರ್ಷಕ್ಕೆ ಕಪ್ಪು ಮಾಡುತ್ತದೆ, ಮತ್ತು ಅದನ್ನು ಒರೆಸಿದ ಬಟ್ಟೆಯನ್ನು ಮುದ್ದೆ ಮಾಡಿ ಎಸೆದರೆ ತನ್ನಷ್ಟಕ್ಕೆ ಕಾವು ಏರಿ ಹೊತ್ತಿಕೊಳ್ಳುವ ಅಪಾಯವಿದೆ. ಬಣ್ಣವಿಲ್ಲದ ಮರಕ್ಕೆ ಜೇನುಮೇಣವೇ ಸಾಕು. ಒಂದು ಪಾಲು ಜೇನುಮೇಣವನ್ನು ತುರಿದು, ಮೂರು ಪಾಲು ಟರ್ಪೆಂಟೈನ್‌ನೊಂದಿಗೆ ಗಾಜಿನ ಬಾಟಲಿಗೆ ಹಾಕಿ, ಮುಚ್ಚಳ ಬಿಗಿದು, ಬೆಚ್ಚಗಿನ ಜಾಗದಲ್ಲಿ ಒಂದೆರಡು ದಿನ ಬಿಟ್ಟರೆ ಬೆಣ್ಣೆಯಂತಾಗುತ್ತದೆ. ಟರ್ಪೆಂಟೈನ್ ಬೆಂಕಿ ಹಿಡಿಯುವ ವಸ್ತುವಾದ್ದರಿಂದ ಒಲೆಯ ಮೇಲೆ ಇಡಲೇಬಾರದು. ತೆಳ್ಳಗೆ ಹಚ್ಚಿ, ಅರ್ಧ ಗಂಟೆ ಬಿಟ್ಟು, ಹಳೆಯ ಪಂಚೆಯ ತುಂಡಿನಿಂದ ಉಜ್ಜಿದರೆ ಮಂದ ಹೊಳಪು ಬರುತ್ತದೆ. ಚಿತ್ರದ ಮೇಲೆ ಏನನ್ನೂ ಹಚ್ಚಬೇಡಿ. ವಾರ್ನಿಷ್ ಹೊಡೆದರೆ ಮೊದಲ ವರ್ಷ ಚಂದ ಕಾಣುತ್ತದೆ, ಆಮೇಲೆ ಹಳದಿಗಟ್ಟುತ್ತದೆ; ಅದನ್ನು ತೆಗೆಯಲು ಬಳಸುವ ದ್ರಾವಕವೇ ಅರಗನ್ನೂ ಕರಗಿಸುತ್ತದೆ.

ಸಡಿಲವಾದ ಕೂಡುಗಳು, ಸರಪಳಿಗಳು

ಹಳೆಯ ತೊಟ್ಟಿಲಿನ ಕೂಡುಗಳನ್ನು ಕಚ್ಚು ಹಾಕಿ, ಮರದ ಗೂಟ ಬಡಿದು ಸೇರಿಸಿರುತ್ತಾರೆ. ಬೇಸಿಗೆಯಲ್ಲಿ ಅಲುಗಾಡುವ ಕೂಡು ಮಳೆಗಾಲದಲ್ಲಿ ಮರ ಉಬ್ಬಿ ತಾನಾಗಿ ಬಿಗಿಯಾಗುವುದುಂಟು. ಹಾಗಾಗಿ ಒಂದು ಮಳೆಗಾಲ ಕಳೆಯುವವರೆಗೆ ರಿಪೇರಿಯ ನಿರ್ಧಾರ ಮಾಡದಿರುವುದು ಲೇಸು. ಆಮೇಲೂ ಸಡಿಲವಿದ್ದರೆ, ಬಡಗಿಗೆ ಹೇಳಿ ಅದೇ ಜಾತಿಯ ಮರದ ತೆಳು ಬೆಣೆಯನ್ನು ಕೂಡಿಸಬೇಕು. ಕಬ್ಬಿಣದ ಮೊಳೆ ಬಡಿಯಲು ಬಿಡಬಾರದು: ಮೊಳೆ ತುಕ್ಕು ಹಿಡಿದು ಸುತ್ತಲಿನ ಮರವನ್ನು ಕಪ್ಪಾಗಿಸುತ್ತದೆ, ಒಣ ಸಾಗುವಾನಿ ಗೆರೆ ಹಿಡಿದು ಸೀಳುತ್ತದೆ. ಅಂಟು ಅನಿವಾರ್ಯವಾದರೆ ಬಿಸಿ ಮಾಡಿ ಹಚ್ಚುವ ಹಳೆಯ ಬಗೆಯ ಪ್ರಾಣಿಜನ್ಯ ಅಂಟು ಬಳಸಬೇಕು, ಏಕೆಂದರೆ ಬೆಚ್ಚನೆಯ ನೀರು ತಾಗಿಸಿದರೆ ಅದು ಮತ್ತೆ ಬಿಡುತ್ತದೆ. ಈಗಿನ ಬಿಳಿ ಅಂಟುಗಳು ಗಟ್ಟಿಯೇನೋ ಹೌದು, ಆದರೆ ಮುಂದಿನ ರಿಪೇರಿಯ ದಿನ ಕೂಡು ಬಿಡುವ ಬದಲು ಮರವೇ ಹರಿಯುತ್ತದೆ.

ಕಳೆದುಹೋದ ಕಡೆದ ಗುಂಬವನ್ನೋ ಮುರಿದ ಸರಳನ್ನೋ ಹೊಸದಾಗಿ ಮಾಡಿಸುವುದಾದರೆ ಕಲಘಟಗಿಯಲ್ಲಿ ವಿಚಾರಿಸುವುದು ಸರಿ. ಕೊಪ್ಪಳ ಜಿಲ್ಲೆಯ ಕಿನ್ನಾಳದಲ್ಲಿಯೂ ಮರಕ್ಕೆ ಬಣ್ಣ ಬರೆಯುವ ಚಿತ್ರಗಾರ ಮನೆತನಗಳಿವೆ. ಅವರಿಗೆ ಒಂದು ಮಾತನ್ನು ಸ್ಪಷ್ಟವಾಗಿ ಹೇಳಬೇಕು: ಹೊಸ ತುಂಡಿಗೆ ಮಾತ್ರ ಬಣ್ಣ, ಹಳೆಯ ಚಿತ್ರದ ಮೇಲೆ ಕುಂಚ ಬೇಡ. ಹೊಸ ತುಂಡಿನ ಹಿಂಬದಿಯಲ್ಲಿ ಇಸವಿಯನ್ನು ಪೆನ್ಸಿಲಿನಲ್ಲಿ ಬರೆಸಬೇಕು. ನನ್ನ ಕೈಯಿಂದ ಅಳಿಸಿದ ಗಿಳಿಯ ರೆಕ್ಕೆಯನ್ನು ನಾನು ಹಾಗೆಯೇ ಬಿಟ್ಟಿದ್ದೇನೆ.

ಹಿತ್ತಾಳೆಯ ಕೊಂಡಿಗಳನ್ನು ಹುಣಸೆಹಣ್ಣು ಹಚ್ಚಿ ಬೆಳಗುವುದಾದರೆ ಮರದಿಂದ ಬಿಚ್ಚಿದ ಮೇಲೆಯೇ ಬೆಳಗಬೇಕು. ಹುಳಿ ಮರಕ್ಕೆ ಇಳಿದರೆ ಕಲೆ ಹೋಗುವುದಿಲ್ಲ. ಸರಪಳಿಯ ಪ್ರತಿ ಕೊಂಡಿಯನ್ನೂ ಬೆಳಕಿಗೆ ಹಿಡಿದು ನೋಡಬೇಕು. ಒಂದು ಕೊಂಡಿ ಇನ್ನೊಂದಕ್ಕೆ ತಾಗುವ ಒಳಬದಿಯೇ ಮೊದಲು ಸವೆಯುವುದು; ಅರ್ಧದಷ್ಟು ಸವೆದಿದ್ದರೆ ಆ ಸರಪಳಿಯನ್ನು ನೆನಪಿಗೆಂದು ಎತ್ತಿಟ್ಟು, ತೂಗುವುದಕ್ಕೆ ಹೊಸದನ್ನು ಹಾಕಬೇಕು.

ಈಗಿನ ಮನೆಯಲ್ಲಿ ಬಳಕೆ

ಅಪಾರ್ಟ್‌ಮೆಂಟಿನಲ್ಲಿ ತೊಲೆ ಇರುವುದಿಲ್ಲ. ಚಾವಣಿಯ ಕಾಂಕ್ರೀಟಿಗೆ ಕೊಕ್ಕೆ ಹಾಕಿಸುವ ಬದಲು, ತೊಟ್ಟಿಲಿಗಾಗಿಯೇ ಬೇರೆ ಸ್ಟ್ಯಾಂಡ್ ಮಾಡಿಸುವುದು ನನಗೆ ಸರಿಯೆನಿಸಿದೆ. ಎರಡು ಕಡೆ ಅಗಲಕಾಲು, ಮೇಲೆ ಒಂದು ಅಡ್ಡದೂಲ ಇರುವ, ನಟ್ಟು ಬೋಲ್ಟಿನಿಂದ ಬಿಚ್ಚಿ ಜೋಡಿಸಬಹುದಾದ ಸ್ಟ್ಯಾಂಡ್ ಇದ್ದರೆ ತೊಟ್ಟಿಲನ್ನು ಅದರದ್ದೇ ಕೊಂಡಿಗಳಿಂದ ನೇತುಹಾಕಬಹುದು. ಮೂಲ ಮರಕ್ಕೆ ಒಂದು ಸ್ಕ್ರೂ ಕೂಡ ಬೀಳುವುದಿಲ್ಲ.

ಇಲ್ಲಿ ಹಿರಿಯರ ಒಂದು ಮಾತು ಎದುರಾಗುತ್ತದೆ. "ಖಾಲಿ ತೊಟ್ಲಾ ತೂಗಬ್ಯಾಡೋ" ಎಂದು ನಮ್ಮ ಸೋದರತ್ತೆ ಮೊದಲ ದಿನವೇ ಹೇಳಿದರು. ನಾಮಕರಣದಲ್ಲಿ ಕೂಸನ್ನು ಹಾಕುವ ಮೊದಲು ಗುಂಡಕಲ್ಲನ್ನು ಮಲಗಿಸುವ ಪದ್ಧತಿ ಇರುವ ಸೀಮೆ ನಮ್ಮದು. ತೊಟ್ಟಿಲು ಬರಿದಾಗಿರಬಾರದು ಎಂಬ ಭಾವನೆಯನ್ನು ಗೌರವಿಸಿಯೇ ಬಳಕೆಯನ್ನು ಯೋಚಿಸಬೇಕು. ಅದರಲ್ಲಿ ಕೌದಿಗಳನ್ನು ಇಡುವುದು ನಾನು ಕಂಡ ಅತ್ಯುತ್ತಮ ಉಪಾಯ. ಹಳೆಯ ಸೀರೆಗಳ ತುಂಡುಗಳನ್ನು ಕೂಡಿಸಿ ಹೊಲಿದ ಅಜ್ಜಿಯ ಕೌದಿಗಳನ್ನು ಮಡಚಿ, ಕೆಳಗೆ ತೊಳೆದ ಬಿಳಿ ಹತ್ತಿಬಟ್ಟೆ ಹಾಸಿ ಇಟ್ಟರೆ ತೊಟ್ಟಿಲೂ ತುಂಬಿರುತ್ತದೆ, ಕೌದಿಗಳಿಗೂ ಗಾಳಿ ಆಡುತ್ತದೆ, ಭಾರವೂ ಹೆಚ್ಚಲ್ಲ. ಗೋಕುಲಾಷ್ಟಮಿಗೆ, ರಾಮನವಮಿಗೆ ಕೌದಿಗಳನ್ನು ತೆಗೆದು ದೇವರ ಮೂರ್ತಿಯನ್ನು ಮಲಗಿಸಿ ತೂಗಬಹುದು. ಆ ದಿನ ಆರತಿಯ ತಟ್ಟೆಯನ್ನು ಮಾತ್ರ ಒಂದು ಮೊಳ ದೂರ ಹಿಡಿಯಬೇಕು, ಬಿಸಿಗೆ ಅರಗು ಬೇಗ ಮೆತ್ತಗಾಗುತ್ತದೆ.

ಪುಸ್ತಕ ಇಡಬಹುದಲ್ಲ ಎಂದು ಹಲವರು ಕೇಳುತ್ತಾರೆ. ಒಂದು ಅಡಿ ಉದ್ದದ ಪುಸ್ತಕಗಳ ಸಾಲು ಸುಮಾರು ಎಂಟು ಹತ್ತು ಕಿಲೋ ತೂಗುತ್ತದೆ. ಕೂಸಿನ ಭಾರಕ್ಕೆ ಮಾಡಿದ ತಳದ ಮೇಲೆ ಅಂಥ ಮೂರು ಸಾಲು ಹೇರಿದರೆ ಕೂಡು ಬಿಡುವುದು ಖಂಡಿತ. ಹೂಕುಂಡ ಇಡುವುದಂತೂ ನೀರನ್ನು ಕರೆದು ಮರದೊಳಗೆ ಕೂರಿಸಿದಂತೆ. ಮೇಲೆ ಗಾಜು ಹಾಕಿ ಟೀಪಾಯಿ ಮಾಡಬೇಕೆಂಬ ಆಸೆ ಇದ್ದರೆ, ಗಾಜಿನ ಭಾರ ತೊಟ್ಟಿಲಿನ ಮೇಲೆ ಬೀಳದಂತೆ ಪ್ರತ್ಯೇಕ ಚೌಕಟ್ಟು ಮಾಡಿಸಿ ಅದರೊಳಗೆ ತೊಟ್ಟಿಲನ್ನು ಇಡಬೇಕು. ಚಿತ್ರದ ಹಲಗೆಗಳನ್ನು ಬಿಚ್ಚಿ ಗೋಡೆಗೆ ತೂಗುಹಾಕುವುದನ್ನು, ಉಳಿದ ಭಾಗ ಪೂರ್ತಿ ಹಾಳಾಗಿ ಒಂದೇ ಹಲಗೆ ಉಳಿದಿರುವ ಸಂದರ್ಭ ಬಿಟ್ಟು, ನಾನು ಒಪ್ಪಲಾರೆ. ಪಾಲಾಗುವಾಗ ಅಣ್ಣತಮ್ಮಂದಿರು ಒಬ್ಬೊಬ್ಬರು ಒಂದೊಂದು ಹಲಗೆ ಹಂಚಿಕೊಂಡದ್ದನ್ನು ನೋಡಿದ್ದೇನೆ. ನಾಲ್ಕು ಮನೆಗಳಲ್ಲಿ ನಾಲ್ಕು ಚಂದದ ಹಲಗೆಗಳಿವೆ, ತೊಟ್ಟಿಲು ಎಲ್ಲಿಯೂ ಇಲ್ಲ. ಅದರ ಬದಲು ಯಾರ ಮನೆಯಲ್ಲಿ ಕೂಸು ಹುಟ್ಟುತ್ತದೆಯೋ ಅವರ ಮನೆಗೆ ತೊಟ್ಟಿಲು ಹೋಗುತ್ತದೆ ಎಂದು ಒಪ್ಪಂದ ಮಾಡಿಕೊಳ್ಳಬಹುದು. ಬಂಧುಗಳ ನಡುವೆ ತೊಟ್ಟಿಲು ಕೇಳಿ ಒಯ್ಯುವ ಪದ್ಧತಿ ಹೇಗೂ ನಮ್ಮಲ್ಲಿ ಇದ್ದದ್ದೇ.

ಯಾವುದಕ್ಕೆ ಬಳಸಿದರೂ ನೇರ ಬಿಸಿಲು, ಎ.ಸಿ. ಗಾಳಿ, ಅಡುಗೆಮನೆಯ ಗೋಡೆ ಇವುಗಳಿಂದ ದೂರವಿಡಬೇಕು. ಇಡಲು ಜಾಗವೇ ಇಲ್ಲದಿದ್ದರೆ ಪ್ಲಾಸ್ಟಿಕ್ ಸುತ್ತದೆ ಹಳೆಯ ಹತ್ತಿ ಸೀರೆ ಹೊದಿಸಿ, ನೆಲದಿಂದ ನಾಲ್ಕು ಬೆರಳು ಎತ್ತರಕ್ಕೆ, ಗೋಡೆಗೆ ತಾಗದಂತೆ ಇಟ್ಟು, ಮುಂಗಾರಿಗೆ ಮೊದಲೊಮ್ಮೆ, ದೀಪಾವಳಿಯ ಹೊತ್ತಿಗೊಮ್ಮೆ ತೆರೆದು ನೋಡಬೇಕು.

ಮತ್ತೆ ಕೂಸು ಬಂದಾಗ

ಹಳೆಯ ತೊಟ್ಟಿಲಿನಲ್ಲಿ ಕೂಸನ್ನು ಮಲಗಿಸುವ ಮೊದಲು ಸರಳುಗಳ ನಡುವಿನ ಅಂತರವನ್ನು ಅಳೆಯಬೇಕು. ಅದು 6 ಸೆಂಟಿಮೀಟರಿಗಿಂತ ಹೆಚ್ಚಿದ್ದರೆ ಕೂಸಿನ ಮೈ ಜಾರಿ ತಲೆ ಸಿಕ್ಕಿಕೊಳ್ಳುವ ಭಯವಿದೆ. ಎನಾಮೆಲ್ ಬಣ್ಣ ಚಕ್ಕೆ ಏಳುತ್ತಿರುವ ತೊಟ್ಟಿಲನ್ನು ನಾಮಕರಣದ ಶಾಸ್ತ್ರಕ್ಕೆ ಒಂದು ಗಳಿಗೆ ಬಳಸಬಹುದೇ ಹೊರತು ನಿತ್ಯದ ನಿದ್ದೆಗೆ ಬೇಡ. ನಾಲ್ಕೂ ಸರಪಳಿಗಳು ಒಂದೇ ಅಳತೆಯಲ್ಲಿದ್ದು ತಳ ಸಮನಾಗಿರಬೇಕು. ತಳದ ಮೇಲೆ ಒಂದು ಲೋಟ ನೀರಿಟ್ಟು ನೋಡಿದರೆ ವಾಲಿದ್ದು ತಿಳಿಯುತ್ತದೆ. ಮೇಲೆ ಕಟ್ಟುವ ಗಿಳಿ, ಗೊಂಡೆಗಳು ಕೂಸಿನ ಕೈಗೆ ಎಟುಕದಂತಿರಬೇಕು, ತಲೆದಿಂಬು ಬೇಡ. 20 ಕಿಲೋ ಅಕ್ಕಿಯ ಚೀಲವನ್ನು ತಳದ ನಡುವೆ ಇಟ್ಟು, ತೊಟ್ಟಿಲನ್ನು ನೆಲದಿಂದ ಒಂದು ಗೇಣು ಎತ್ತರದಲ್ಲಿ ಒಂದು ಹಗಲು ಒಂದು ರಾತ್ರಿ ತೂಗುಬಿಟ್ಟು, ಬೆಳಿಗ್ಗೆ ಕೂಡು, ಕೊಂಡಿಗಳನ್ನು ಮತ್ತೆ ಪರೀಕ್ಷಿಸಬೇಕು. ಕೂಸು ಬೋರಲು ಬೀಳಲು ಕಲಿತ ದಿನವೇ ತೊಟ್ಟಿಲಿನ ಕೆಲಸ ಮುಗಿಯಿತೆಂದು ತಿಳಿದು ಕೌದಿಗಳನ್ನು ಮತ್ತೆ ಒಳಗಿಡಬೇಕು.

ನಮ್ಮ ತೊಟ್ಟಿಲಿನ ಜೊತೆ ಇನ್ನೂರು ಪುಟದ ಒಂದು ನೋಟುಬುಕ್ ಇರುತ್ತದೆ. ಹಿಂಬದಿಯಿಂದ ರಿಪೇರಿಯ ಲೆಕ್ಕ: ಯಾವ ದಿನ ಎಲ್ಲಿ ದ್ರಾವಣ ಹಚ್ಚಿದೆ, ಯಾವ ಕೂಡಿಗೆ ಬೆಣೆ ಹಾಕಿಸಿದೆ, ಯಾವ ಸರಪಳಿ ಹೊಸದು, ಗಿಳಿಯ ರೆಕ್ಕೆ ಹೇಗೆ ಹೋಯಿತು. ಮುಂಬದಿಯಿಂದ ಅದರಲ್ಲಿ ಮಲಗಿದವರ ಹೆಸರು, ಹುಟ್ಟಿದ ಇಸವಿ, ಯಾವ ಊರಿನ ಯಾವ ಮನೆಯ ತೊಲೆಗೆ ಕಟ್ಟಿತ್ತು ಎಂಬುದು. ಸೋದರತ್ತೆಯನ್ನು ಕೂರಿಸಿಕೊಂಡು ಕೇಳಿ ಬರೆದುಕೊಂಡಾಗ ಹದಿನೇಳು ಹೆಸರುಗಳಾದವು. ಅವುಗಳಲ್ಲಿ ಎರಡು, ತೊಟ್ಟಿಲಿನಿಂದ ಇಳಿದು ನಡೆಯುವ ಮೊದಲೇ ಹೋದ ಮಕ್ಕಳವು, ಅತ್ತೆಯ ಬಾಯಲ್ಲಿ ಬಿಟ್ಟರೆ ಬೇರೆಲ್ಲಿಯೂ ಉಳಿದಿರಲಿಲ್ಲ.